ಯಾರು ಕೂಡ್ರಿಸಿದ ಮೌಂಟಿಂಗ್?

ಸಗರದ ಹುಲಿಗೆಮ್ಮ ತಮ್ಮ ಹಳೇ ಪಿಕಪ್ಪನ್ನು ತಾವೇ ಓಡಿಸಿಕೊಂಡು ಶಹಾಪುರದ ನನ್ನ ಗ್ಯಾರೇಜಿಗೆ ಬಂದಾಗ ನನಗೆ ದುಡಿದು ದುಡಿದು ಸಾಕಾಗಿ ಹೋಗಿತ್ತು. ಕ್ಲಚ್ ಬಿಟ್ಟರೆ ಗಾಡಿಯ ಹೊಟ್ಟೆಯೊಳಗೆ ಧಡ್ ಅನ್ನುತ್ತಿತ್ತು. ಗೇರ್‌ಬಾಕ್ಸಿನ ಭಾರ ಹೊರುವ ರಬ್ಬರ್ ಮೌಂಟಿಂಗ್ ಹರಿದಿತ್ತು.

"ನಾಳಿ ಮುಂಜಾನಿ ಹೆಣ್ಮಕ್ಕಳನ್ನ ಮೆಣಸಿನಕಾಯಿ ಬಿಡಸಾಕ ಒಯ್ಯಬೇಕು ತಮ್ಮಾ. ಇವತ್ತ ಆಗ್ಲೇಬೇಕು," ಎಂದರು.

ಗೇರ್‌ಬಾಕ್ಸಿಗೆ ಕಟ್ಟಿಗೆ ತುಂಡು ಕೊಟ್ಟು ಜಾಕ್ ಏರಿಸಿ, ಕೆಳಗೆ ಮಲಗಿ, ತುಕ್ಕು ಹಿಡಿದ ಬೋಲ್ಟುಗಳ ಜೊತೆ ಎರಡು ತಾಸು ಗುದ್ದಾಡಿದೆ. ಕಣ್ಣಿಗೆ ಮಣ್ಣು ಬಿತ್ತು, ರಟ್ಟೆ ಸೋತವು. ಕಡೆಗೆ ಹಳೇ ಮೌಂಟಿಂಗ್ ಕಳಚಿ ನೋಡಿದರೆ, ಅದನ್ನು ಹಿಂದುಮುಂದಾಗಿ ಕೂರಿಸಿದ್ದರು. ಭಾರವೆಲ್ಲ ಒಂದೇ ಕಡೆ ಬಿದ್ದು ಹರಿದಿತ್ತು.

"ಯಾವ ಕತ್ತೆ ಕೂಡ್ರಿಸ್ಯಾನವ್ವಾ ಇದನ್ನ?" ಎಂದು ಕೆಳಗಿನಿಂದಲೇ ಕೂಗಿದೆ.

ಹುಲಿಗೆಮ್ಮ ಗಾಡಿಯ ಪಕ್ಕಕ್ಕೆ ಬಂದು ನಿಂತರು.

"ನೀನ ಕೂಡ್ರಿಸಿದ್ದಿ ತಮ್ಮಾ. ಹ್ವಾದ ವರ್ಷ."

ಗಾಡಿಯ ಕೆಳಗಿಂದ ಹೊರಗೆ ಬರುವ ಮನಸ್ಸೇ ಆಗಲಿಲ್ಲ. "ತಪ್ಪಾತ್ರಿ ಅವ್ವಾ," ಎಂದೆ.

ಅವರು ಸೀರೆ ಎತ್ತಿ ಕಟ್ಟಿ ಬಗ್ಗಿ ಕುಳಿತರು. "ಆತು ಬಿಡು. ಮುಂದಿನ ಮುಖ ಯಾವ ಕಡಿ ಅಂತ ನನಗೂ ತೋರಸು. ಈ ಗಾಡಿ ಮ್ಯಾಲ ಮಂದಿ ಕುಂಡ್ರತಾರ."

ಹೊಸ ರಬ್ಬರಿನ ಮೇಲಿನ ಬಾಣದ ಗುರುತು ತೋರಿಸಿದೆ. ಅವರು ಬೆರಳಿಂದ ಮುಟ್ಟಿ ನೋಡಿ, ಬೋಲ್ಟ್ ಬಿಗಿಯಾಗುವವರೆಗೂ ಅಲ್ಲಿಂದ ಕದಲಲಿಲ್ಲ. ಗಾಡಿ ಸದ್ದಿಲ್ಲದೆ ಹೋಯಿತು.

ಬೇರೆ ಮಿಸ್ತ್ರಿಗಳನ್ನು ಬೈಯುವ ಚಟ ನನಗಿನ್ನೂ ಬಿಟ್ಟಿಲ್ಲ. ಆದರೆ ಈಗ ಮೊದಲು, "ಹಿಂದ ಎಲ್ಲಿ ಮಾಡಿಸಿದ್ರಿ?" ಅಂತ ಕೇಳಿಕೊಂಡು ಬೈಯುತ್ತೇನೆ.