ನಾನೂ ಅವಳೂ ಮುಳುಗಲು ಕಲಿತದ್ದು

ಭೇರ್ಯದಲ್ಲಿ ನನ್ನದೊಂದು ಗೊಬ್ಬರ ಮತ್ತು ಬಿತ್ತನೆ ಬೀಜದ ಅಂಗಡಿ ಇದೆ. ಭತ್ತದ ಔಷಧಿ ಮಾಡುವ ಕಂಪನಿಯೊಂದು ಚೆನ್ನಾಗಿ ವ್ಯಾಪಾರ ಮಾಡಿಕೊಟ್ಟ ಅಂಗಡಿಯವರನ್ನು ಹೆಂಡತಿ ಸಮೇತ ಎಲ್ಲಿಗಾದರೂ ಪ್ರವಾಸಕ್ಕೆ ಕರೆದುಕೊಂಡು ಹೋಗುವುದುಂಟು. ಆ ಸಲ ಅಂಡಮಾನ್ ಎಂದರು. ಕೆ.ಆರ್. ನಗರ, ಹುಣಸೂರು, ಪಿರಿಯಾಪಟ್ಟಣದ ಕಡೆಯ ಅಂಗಡಿಯವರೆಲ್ಲ ಸೇರಿ ಒಂದು ಬಸ್ಸಿಗಾಗುವಷ್ಟು ಜನ ಹೊರಟೆವು. ಅವರಲ್ಲಿ ನನಗೆ ಸಲಿಗೆ ಇದ್ದದ್ದು ಗಾವಡಗೆರೆಯ ಗೆಳೆಯನೊಬ್ಬನ ಜೊತೆ ಮಾತ್ರ. ಅವನದೂ ಗೊಬ್ಬರದಂಗಡಿಯೇ.

ಅಲ್ಲಿನ ಒಂದು ಸಣ್ಣ ದ್ವೀಪದಲ್ಲಿ ನಮ್ಮನ್ನು ಇಳಿಸಿದ್ದರು. ಬೆಳಿಗ್ಗೆ ಇಡ್ಲಿ ತಿನ್ನುತ್ತಿದ್ದಾಗ ಪ್ರವಾಸದ ಉಸ್ತುವಾರಿಯವನು ಬಂದು, ಸ್ಕೂಬಾ ಡೈವಿಂಗ್ ಕಲಿಯುವ ಆಸೆ ಯಾರಿಗಿದೆ, ಬೆನ್ನಿಗೆ ಸಿಲಿಂಡರ್ ಕಟ್ಟಿಕೊಂಡು ಸಮುದ್ರದ ತಳಕ್ಕೆ ಇಳಿದು ಹವಳದ ದಿಬ್ಬ ನೋಡಬಹುದು ಎಂದ. ಎಲ್ಲರೂ ತಟ್ಟೆಯ ಕಡೆ ನೋಡತೊಡಗಿದರು. ನನ್ನ ಪಕ್ಕದಲ್ಲಿ ಒಂದು ಕೈ ಮೇಲೆದ್ದಿತು. ನೋಡಿದರೆ ನನ್ನ ಹೆಂಡತಿಯದು.

ಇವಳಿಗೆ ಈಜು ಬರುವುದಿಲ್ಲ. ಇವಳ ತವರು ಎಚ್.ಡಿ. ಕೋಟೆಯ ಕಡೆ, ಕಬಿನಿ ಹಿನ್ನೀರಿನ ದಡದಲ್ಲಿ. ಆದರೂ ನೀರೆಂದರೆ ದೂರ. ಮದುವೆಯಾದ ಹೊಸದರಲ್ಲಿ ನಮ್ಮೂರ ನಾಲೆಗೆ ಕರೆದುಕೊಂಡು ಹೋದರೆ ಮೆಟ್ಟಿಲ ಮೇಲೆ ಕುಳಿತು ಚೊಂಬಿನಲ್ಲಿ ನೀರು ಮೊಗೆದು ಕಾಲು ತೊಳೆದುಕೊಳ್ಳುತ್ತಿದ್ದಳು, ಅಷ್ಟೆ. ಇಷ್ಟು ವರ್ಷದಲ್ಲಿ ಒಂದು ದಿನವೂ ನೀರಿಗೆ ಇಳಿದವಳಲ್ಲ.

"ಕೈ ಯಾಕೆ ಎತ್ತಿದೆ?" ಎಂದು ಮೆಲ್ಲಗೆ ಕೇಳಿದೆ.

"ಕೇಳುದ್ರು, ಎತ್ತಿದೆ."

"ದೋಣಿ ಅಲ್ಲ ಕಣೆ ಅದು. ನೀರೊಳಕ್ಕೆ ಮುಳುಗೋದು."

"ಗೊತ್ತು ಬುಡಿ," ಎಂದು ಚಟ್ನಿ ಹಾಕಿಸಿಕೊಂಡಳು.

ಗೆಳೆಯ ಎದುರಿಂದ ನಕ್ಕ. "ಅಕ್ಕಾರೇ ಓಯ್ತಾವ್ರೆ, ನೀನೇನ್ಲಾ ಇಂಗೆ ಕೂತಿದ್ದೀಯ? ನಾಲೆಲಿ ಆ ದಡದಿಂದ ಈ ದಡಕ್ಕೆ ಮುಳುಗ್ಕಂಡೇ ಬತ್ತಿದ್ದೆ ಅಂತಿದ್ದಲ್ಲ."

ಅದು ಸುಳ್ಳಲ್ಲ. ಚಿಕ್ಕಂದಿನಲ್ಲಿ ನಾಲೆಯಲ್ಲಿ ನನ್ನಷ್ಟು ಹೊತ್ತು ಉಸಿರು ಕಟ್ಟುವವರು ಯಾರೂ ಇರಲಿಲ್ಲ. ಹಾಗಾಗಿ ನಾನೂ ಕೈ ಎತ್ತಿದೆ. ಇವಳನ್ನು ನೋಡಿಕೊಳ್ಳಲು ಒಬ್ಬರು ಬೇಕಲ್ಲ ಎಂದುಕೊಂಡೆ.

ಕಲಿಸುವವಳು ಇಪ್ಪತ್ತೈದರ ಆಸುಪಾಸಿನ ಹುಡುಗಿ. ಅವಳ ತಾತನ ಕಾಲದಲ್ಲೇ ತಮಿಳುನಾಡಿನಿಂದ ಬಂದು ಅಲ್ಲಿ ನೆಲೆಸಿದ ಮನೆಯವಳಂತೆ. ಹಿಂದಿಯಲ್ಲಿ ಶುರುಮಾಡಿದಳು. ನಮ್ಮ ಮುಖ ನೋಡಿ ತಮಿಳಿಗೆ ಬಂದಳು. ಅದರಲ್ಲಿ ಅರ್ಧ ತಿಳಿಯಿತು. ಉಳಿದರ್ಧವನ್ನು ನನ್ನ ಹೆಂಡತಿ ನನಗೆ ಹೇಳಿದಳು. ಅವಳಿಗೆ ಹೇಗೆ ತಿಳಿಯಿತೋ ನನಗೆ ಗೊತ್ತಾಗಲಿಲ್ಲ.

ಮೊದಲ ಫಜೀತಿ ಬಟ್ಟೆಯಲ್ಲೇ ಆಯಿತು. ಮೈಗೆ ಅಂಟಿಕೊಳ್ಳುವ ರಬ್ಬರಿನ ಅಂಗಿ ಕೊಟ್ಟು, ಕೊರಳಲ್ಲಿರುವುದನ್ನೆಲ್ಲ ತೆಗೆದಿಡಿ ಎಂದಳು. ನಮ್ಮಿಬ್ಬರ ಕೊರಳಲ್ಲೂ ಬೆಳ್ಳಿ ಕರಡಿಗೆಯಲ್ಲಿ ಲಿಂಗವಿದೆ. ಅದನ್ನು ಮೈಯಿಂದ ಬೇರೆ ಮಾಡುವ ವಾಡಿಕೆ ನಮ್ಮಲ್ಲಿಲ್ಲ. ತೆಗೆಯುವ ಹಾಗಿಲ್ಲ ಎಂದು ಕೈಯಾಡಿಸಿದೆ. ಅವಳು ಅದನ್ನು ಲಾಕೆಟ್ ಎಂದುಕೊಂಡು, ಒಳಗೆ ಏನಿದೆ, ಫೋಟೋವಾ ಎಂದಳು. ದೇವರು ಎಂದೆ. ದೇವರಿಗೆ ನೀರು ಆಗುತ್ತದಾ ಎಂದು ಕೇಳಿದಳು. ಕುಚೋದ್ಯವಲ್ಲ, ನಿಜವಾಗಿಯೇ ಕೇಳಿದ್ದು. ದಿನವೂ ನೀರು ಹಾಕಿ ಪೂಜೆ ಮಾಡುತ್ತೇನೆ, ಆದರೆ ಅದು ಸಿಹಿನೀರು ಎಂದೆ. ಕೊನೆಗೆ ಅವಳೇ ದಾರವನ್ನು ಬಿಗಿ ಮಾಡಿ, ಕರಡಿಗೆ ಎದೆಯ ಮೇಲೆ ಅಲುಗಾಡದಂತೆ ಕೂರಿಸಿ, ಅಂಗಿಯ ಜಿಪ್ಪನ್ನು ಕತ್ತಿನವರೆಗೂ ಎಳೆದಳು. ನನ್ನ ಹೆಂಡತಿ ತನ್ನದನ್ನು ಆಗಲೇ ಹಾಗೆ ಮಾಡಿಕೊಂಡು ನಿಂತಿದ್ದಳು.

ಸೊಂಟದಷ್ಟು ನೀರಿನಲ್ಲಿ ನಿಲ್ಲಿಸಿ ಪಾಠ ಶುರುವಾಯಿತು. ಕಣ್ಣು ಮೂಗು ಎರಡನ್ನೂ ಮುಚ್ಚುವ ಗಾಜಿನ ಮುಖವಾಡ. ಬಾಯಿಗೆ ಸಿಲಿಂಡರಿನ ಕೊಳವೆ. "ಮೂಕ್ಕು ವೇಂಡಾಂ, ವಾಯ್ ಮಟ್ಟುಂ," ಎಂದಳು. ಮೂಗು ಬೇಡ, ಬಾಯಲ್ಲಿ ಮಾತ್ರ ಉಸಿರಾಡಿ ಎಂದು. ಉಸಿರು ಯಾವತ್ತೂ ಕಟ್ಟಬಾರದು, ಅದೇ ಮೊದಲ ನಿಯಮ, ಅದನ್ನು ಮರೆತರೆ ಶ್ವಾಸಕೋಶಕ್ಕೇ ಅಪಾಯ ಎಂದಳು. ಕೈಸನ್ನೆಗಳನ್ನೂ ಹೇಳಿಕೊಟ್ಟಳು. ನಾನು ತಲೆಯಾಡಿಸಿದೆ. ಆದರೆ ತಲೆ ನೀರೊಳಗೆ ಹೋದ ಕೂಡಲೇ ನನ್ನ ಎದೆ ತನ್ನಷ್ಟಕ್ಕೆ ತಾನೇ ಬಿಗಿದುಕೊಂಡಿತು. ನಾಲೆ ಕಲಿಸಿದ್ದೇ ಅದನ್ನು. ನೀರಿಗೆ ಇಳಿದರೆ ಉಸಿರು ಕಟ್ಟು ಎಂದು ಮೈ ಹೇಳುತ್ತದೆ, ಕಟ್ಟಬೇಡ ಎಂದು ಈ ಹುಡುಗಿ ಬೆನ್ನು ತಟ್ಟುತ್ತಾಳೆ. ಯಾರ ಮಾತು ಕೇಳುವುದು? ಪಕ್ಕದಲ್ಲಿ ನನ್ನ ಹೆಂಡತಿ ಮಂಡಿಯೂರಿ ಕುಳಿತಿದ್ದಳು. ಅವಳ ಬಾಯಿಂದ ಗುಳ್ಳೆಗಳು ಒಂದೇ ಸಮನೆ ಮೇಲೇಳುತ್ತಿದ್ದವು.

ಆಮೇಲೆ ದೋಣಿಯಲ್ಲಿ ಹವಳದ ದಿಬ್ಬದ ಕಡೆ ಹೊರಟೆವು. ನನ್ನ ಬೆರಳಲ್ಲಿ ಹವಳದ ಉಂಗುರವಿತ್ತು. ಮದುವೆಗೆ ಮುಂಚೆ, ಜಾತಕದಲ್ಲಿ ಕುಜದೋಷ ಇದೆ ಎಂದು ನಮ್ಮವ್ವ ಮಾಡಿಸಿ ಹಾಕಿದ್ದು. ಹುಡುಗಿ ಅದನ್ನು ನೋಡಿ, ಇದು ಯಾವುದೋ ಪ್ರಾಣಿಯ ಮನೆ ಗೊತ್ತಾ ಎಂದಳು. ಕಲ್ಲಲ್ಲವಾ ಎಂದೆ. ಅಲ್ಲ, ಹವಳ ಎಂದರೆ ಸಾವಿರಾರು ಸಣ್ಣ ಜೀವಗಳು ಒಟ್ಟಿಗೆ ಕಟ್ಟಿಕೊಂಡದ್ದು, ಕೆಳಗೆ ನೋಡುತ್ತೀರಲ್ಲ ಎಂದಳು. ಹಾಗಾದರೆ ಕುಜನನ್ನು ಸಮಾಧಾನ ಮಾಡುತ್ತಿರುವುದು ಕಲ್ಲೋ ಪ್ರಾಣಿಯೋ ಎಂಬ ಯೋಚನೆಯಲ್ಲೇ ನಾನು ಏಣಿಯಿಳಿದೆ.

ಅವಳು ನಮ್ಮಿಬ್ಬರನ್ನೂ ಒಂದೊಂದು ಕೈಯಲ್ಲಿ ಹಿಡಿದುಕೊಂಡು ನಿಧಾನವಾಗಿ ಕೆಳಗೆ ಒಯ್ದಳು. ಕಿವಿ ಗುಂಯ್ ಎಂದಿತು. ಮೂಗು ಹಿಡಿದು ಗಾಳಿ ಊದಿದೆ, ಬಿಟ್ಟಿತು. ಅವಳು ನನ್ನ ಕಡೆ ತಿರುಗಿ, ಹೇಗಿದ್ದೀರಿ ಎಂಬಂತೆ ಸನ್ನೆ ಮಾಡಿದಳು. ಚೆನ್ನಾಗಿದ್ದೇನೆ ಎಂದು ಹೆಬ್ಬೆರಳು ಮೇಲೆತ್ತಿ ತೋರಿಸಿದೆ. ತಕ್ಷಣ ಇಬ್ಬರನ್ನೂ ಮೇಲಕ್ಕೆ ಕರೆದುಕೊಂಡು ಬಂದಳು.

ಏನು ತೊಂದರೆ ಎಂದು ಕೇಳಿದಳು. ಏನೂ ಇಲ್ಲ ಎಂದೆ. ಮತ್ತೆ ಇಳಿದೆವು. ಮತ್ತೆ ಕೇಳಿದಳು, ಮತ್ತೆ ಹೆಬ್ಬೆರಳು ತೋರಿಸಿದೆ. ಈ ಸಲ ಇನ್ನೂ ಜೋರಾಗಿ ಅಲ್ಲಾಡಿಸಿದೆ. ಮತ್ತೆ ಮೇಲೆ ತಂದಳು. ನನ್ನ ಹೆಂಡತಿ ಬಾಯಿಂದ ಕೊಳವೆ ತೆಗೆದು, "ಯಾಕ್ರೀ ಸುಮ್ಸುಮ್ನೆ ಮೇಲಕ್ಕೆ ಬತ್ತೀರಿ? ನಾನು ನೋಡ್ತಾ ಇದ್ನಲ್ಲ," ಎಂದಳು.

"ನಾನೆಲ್ಲಿ ಬಂದೆ? ಅವ್ಳೇ ಎಳ್ಕಂಡು ಬತ್ತಾವ್ಳೆ."

"ಹೆಬ್ಬೆಟ್ಟು ಎತ್ತುದ್ರೆ ಮೇಲಕ್ಕೆ ಓಗಣ ಅಂತ ಅರ್ಥ. ಚೆನ್ನಾಗಿದ್ದೀನಿ ಅನ್ನೋಕೆ ಇಂಗೆ," ಎಂದು ಹೆಬ್ಬೆರಳಿಗೂ ತೋರುಬೆರಳಿಗೂ ತುದಿ ಕೂಡಿಸಿ ಸೊನ್ನೆ ಮಾಡಿ ತೋರಿಸಿದಳು. "ಬೆಳಿಗ್ಗೆನೇ ಏಳ್ಕೊಟ್ರಲ್ಲ."

ನಮ್ಮ ಕಡೆ ಸೊನ್ನೆ ತೋರಿಸಿದರೆ ಕೆಲಸ ಕೆಟ್ಟಿತು ಎಂದು. ನನಗೆ ಯಾವುದು ಏನೆಂದು ತಿಳಿಯದಂತಾಯಿತು. ಮೂರನೆಯ ಸಲ ಇಳಿಯುವಾಗ ಕೈ ಯಾವ ಸನ್ನೆ ಮಾಡಬೇಕು, ಉಸಿರು ಹೇಗೆ ಬಿಡಬೇಕು ಎಂದು ಯೋಚಿಸುತ್ತ ಉಸಿರನ್ನೇ ಮರೆತೆ. ಮುಖವಾಡದೊಳಗೆ ನೀರು ಬಂತು. ಮೇಲೆ ಯಾವುದು ಕೆಳಗೆ ಯಾವುದು ಎನ್ನುವುದೂ ಗೊತ್ತಾಗದೆ ಕಾಲು ಬಡಿದೆ. ಹುಡುಗಿ ನನ್ನ ಎರಡೂ ಭುಜ ಹಿಡಿದು ಮೇಲೆ ತಂದು ದೋಣಿಗೆ ಹತ್ತಿಸಿದಳು. ಇವತ್ತಿಗೆ ನೀವು ಇಲ್ಲೇ ಇರಿ ಎಂದಳು.

ನನ್ನ ಹೆಂಡತಿಯೂ ಹತ್ತುತ್ತಾಳೆ ಎಂದು ಕೈ ಚಾಚಿದೆ. ಅವಳು ನನ್ನ ಮುಖ ಒಂದು ಸಲ ನೋಡಿ, ಸರಿಯಾಗಿದ್ದೇನೆ ಎಂದು ಖಾತ್ರಿ ಮಾಡಿಕೊಂಡು, ಮತ್ತೆ ಕೊಳವೆ ಕಚ್ಚಿಕೊಂಡು ಹುಡುಗಿಯ ಜೊತೆ ಇಳಿದುಹೋದಳು.

ದೋಣಿಯಲ್ಲಿ ಕುಳಿತು ಅವರ ಗುಳ್ಳೆಗಳನ್ನು ನೋಡುತ್ತಿದ್ದೆ. ಅವು ಸ್ವಲ್ಪ ದೂರ ಹೋಗುತ್ತಿದ್ದವು, ನಿಲ್ಲುತ್ತಿದ್ದವು, ಮತ್ತೆ ಹೋಗುತ್ತಿದ್ದವು. ಆಗ ನನಗೊಂದು ಯೋಚನೆ ಬಂತು. ಇವಳ ತಾಯಿ ಹುಟ್ಟಿದ ಊರು ಕಬಿನಿ ಅಣೆಕಟ್ಟೆಯ ನೀರಲ್ಲಿ ಮುಳುಗಿದ್ದು. ಬೇಸಿಗೆಯಲ್ಲಿ ನೀರು ಇಳಿದಾಗ ಅತ್ತೆ ಇವಳನ್ನು ದಡಕ್ಕೆ ಕರೆದುಕೊಂಡು ಹೋಗಿ, ಅಗೋ ಅಲ್ಲಿ ನಮ್ಮ ಜಗಲಿ, ಅಲ್ಲಿ ಬಾವಿ ಎಂದು ಕೈ ತೋರಿಸುತ್ತಿದ್ದರಂತೆ. ಇವಳಿಗೆ ನೀರು ಬಿಟ್ಟರೆ ಏನೂ ಕಾಣುತ್ತಿರಲಿಲ್ಲವಂತೆ. ಇದನ್ನು ಇವಳೇ ನನಗೆ ಹೇಳಿದ್ದಳು. ಅದಕ್ಕೇ ಕೈ ಎತ್ತಿದ್ದಾಳೆ, ನೀರಿನ ತಳದಲ್ಲಿ ಏನಿರುತ್ತದೆ ಎಂದು ನೋಡುವ ಆಸೆ ಒಳಗೇ ಇತ್ತು ಎಂದು ನನಗೆ ನಾನೇ ಹೇಳಿಕೊಂಡೆ. ಕಣ್ಣು ತುಂಬಿ ಬಂತು. ಇಷ್ಟು ವರ್ಷ ಜೊತೆಗಿದ್ದೂ ಇದನ್ನು ಊಹಿಸಲಿಲ್ಲವಲ್ಲ ಎನಿಸಿತು.

ಅವಳು ಮೇಲೆ ಬಂದು, ಟವೆಲ್ ಹೊದ್ದು ಕುಳಿತ ಮೇಲೆ ಮೆಲ್ಲಗೆ ಕೇಳಿದೆ. "ನಿಮ್ಮವ್ವನ ಊರು ಗ್ಯಾನ ಬಂತಾ?"

"ಯಾವೂರು?"

"ಅದೇ, ಮುಳುಗೋಯ್ತಲ್ಲ."

ನನ್ನನ್ನೇ ನೋಡಿದಳು. "ಅದ್ಯಾಕೆ ಬತ್ತದೆ? ಮೀನು ನೋಡ್ತಾ ಇದ್ದೆ."

"ಮತ್ತೆ ಕೈ ಯಾಕೆತ್ತಿದೆ ನೀನು?"

ಅವಳು ತಲೆ ಒರೆಸಿಕೊಂಡಳು. "ನಂಗೂ ಗೊತ್ತಿಲ್ಲ ಕಣ್ರೀ. ಆದ್ರೆ ಚೆನ್ನಾಗದೆ. ಉಸಿರಾಡೋ ಸದ್ದು ಬುಟ್ರೆ ಏನೂ ಕೇಳ್ಸಲ್ಲ. ಯಾರೂ ಕರಿಯಲ್ಲ."

ದಿನವೆಲ್ಲ ಮನೆಯಲ್ಲಿ ಅವಳನ್ನು ಕರೆಯುವವನು ನಾನೇ. ನನಗೇ ಹೇಳಿದಳೋ, ಸುಮ್ಮನೆ ಹೇಳಿದಳೋ.

ಮರುದಿನ ಇನ್ನೊಂದು ಸಲ ಇಳಿಯುವುದಿತ್ತು. ನಾನು ಬರುವುದಿಲ್ಲ ಎಂದಿದ್ದೆ. ಸಂಜೆ ರೂಮಿನಲ್ಲಿ ಅವಳೇ ನನ್ನನ್ನು ಕನ್ನಡಿಯ ಮುಂದೆ ನಿಲ್ಲಿಸಿ, ಚೆನ್ನಾಗಿದ್ದೀರಾ, ಮೇಲೆ ಹೋಗಬೇಕಾ, ಕಿವಿ ನೋವಾ ಎಂದು ಒಂದೊಂದಾಗಿ ಕೇಳುತ್ತ ಸನ್ನೆ ಮಾಡಿಸಿದಳು. ತಪ್ಪಿದಾಗಲೆಲ್ಲ ಮತ್ತೆ ಮೊದಲಿನಿಂದ. ಊಟದ ಹೊತ್ತಿಗೆ ಬಡಿಸುವವನು ಅನ್ನ ಸಾಕಾ ಎಂದಾಗ ನನ್ನ ಕೈ ತನ್ನಷ್ಟಕ್ಕೆ ಸೊನ್ನೆ ಮಾಡಿತು. ಅವನಿಗೆ ಅರ್ಥವಾಗದೆ ಇನ್ನೊಂದು ಸೌಟು ಹಾಕಿ ಹೋದ. ಗೆಳೆಯ ಅದನ್ನು ನೋಡಿ, "ಏನ್ಲಾ ಆಯ್ತು ನಿಂಗೆ?" ಎಂದ. ಅವನಿಗೂ ಸೊನ್ನೆ ತೋರಿಸಿದೆ.

ಬೆಳಿಗ್ಗೆ ಮತ್ತೆ ಸೊಂಟದಷ್ಟು ನೀರಿನಲ್ಲಿ ಬಹಳ ಹೊತ್ತು ಕುಳಿತೆ. ಹುಡುಗಿ ನನ್ನೆದುರು ಕುಳಿತು ಕೈಯನ್ನು ನಿಧಾನವಾಗಿ ಏರಿಸಿ ಇಳಿಸಿ ಉಸಿರಿನ ಲೆಕ್ಕ ತೋರಿಸಿದಳು. ಒಳಕ್ಕೆ, ಹೊರಕ್ಕೆ. ಯಾವಾಗ ಎಂದು ಗೊತ್ತಿಲ್ಲ, ಎದೆ ಬಿಗಿಯುವುದನ್ನು ಬಿಟ್ಟಿತು.

ಕೆಳಗೆ ಹೋದ ಮೇಲೆ ನಾನು ನೋಡಿದ್ದನ್ನು ಸರಿಯಾಗಿ ಹೇಳಲಾರೆ. ಹವಳ ಕೆಂಪಗಿರುತ್ತದೆ ಎಂದುಕೊಂಡಿದ್ದೆ. ಕೆಂಪು ಎಲ್ಲೂ ಕಾಣಲಿಲ್ಲ. ಕಂದು, ಮಾಸಲು ಹಸಿರು, ಅಲ್ಲಲ್ಲಿ ಸುಣ್ಣ ಬಳಿದಂತೆ ಬಿಳಿ. ಆ ಬಿಳಿಯದು ನೀರು ಕಾದು ಹವಳ ಸತ್ತ ಜಾಗ ಎಂದು ಹುಡುಗಿ ಆಮೇಲೆ ಹೇಳಿದಳು. ಕೆಲವು ಹೂಕೋಸಿನಂತೆ, ಕೆಲವು ಜಿಂಕೆಯ ಕೊಂಬಿನಂತೆ. ಗಿಡ ಎಂದುಕೊಂಡದ್ದು ನನ್ನ ನೆರಳು ಬಿದ್ದೊಡನೆ ಒಳಕ್ಕೆ ಸೇದಿಕೊಂಡಿತು. ಕಲ್ಲು ಎಂದುಕೊಂಡದ್ದಕ್ಕೆ ಕಣ್ಣಿತ್ತು. ನೀಲಿ ಹಳದಿ ಮೀನುಗಳು ನಮ್ಮನ್ನು ಲೆಕ್ಕಕ್ಕೇ ಇಡದೆ ಪಕ್ಕದಲ್ಲೇ ಹಾದುಹೋದವು. ಎಷ್ಟು ಆಳದಲ್ಲಿದ್ದೇವೆ, ಎಷ್ಟು ಹೊತ್ತಾಯಿತು, ಒಂದೂ ತಿಳಿಯುತ್ತಿರಲಿಲ್ಲ. ಹುಡುಗಿ ಕೇಳಿದಾಗಲೆಲ್ಲ ಸೊನ್ನೆ ತೋರಿಸಿದೆ. ಅದು ನಿಜವೋ ಸುಳ್ಳೋ ನನಗೇ ಖಾತ್ರಿ ಇರಲಿಲ್ಲ. ಹೆದರಿಕೆಯೂ ಇತ್ತು, ಮೇಲೆ ಬರಲು ಮನಸ್ಸೂ ಇರಲಿಲ್ಲ.

ಒಂದು ಕಡೆ ನನ್ನ ಹೆಂಡತಿ ನನ್ನ ತೋಳು ಹಿಡಿದು ಗಟ್ಟಿಯಾಗಿ ಒತ್ತಿದಳು. ದೊಡ್ಡ ದಿಬ್ಬವೊಂದರ ಕಡೆ ಬೆರಳು ತೋರಿಸಿದಳು. ನೋಡಿದೆ. ದಿಬ್ಬ ಇತ್ತು, ಅದರಾಚೆ ನೀರು ಮಬ್ಬಾಗಿತ್ತು. ಇನ್ನೇನೂ ಕಾಣಲಿಲ್ಲ. ಅವಳು ಮತ್ತೆ ಮತ್ತೆ ತೋರಿಸಿದಳು. ಕಂಡವನ ಹಾಗೆ ನಾನು ತಲೆಯಾಡಿಸಿದೆ.

ದೋಣಿಗೆ ಹತ್ತಿದ ಕೂಡಲೇ ಕೇಳಿದಳು. "ನೋಡುದ್ರಾ ಆಮೆನಾ? ಎಷ್ಟು ದೊಡ್ಡದು. ನಮ್ಮನ್ನೇ ನೋಡ್ತಾ ಇತ್ತು."

ನಾನು ಹುಡುಗಿಯ ಮುಖ ನೋಡಿದೆ. ಆಮೆಯಾ, ಇರಬಹುದು, ಈ ಕಡೆ ಬರುವುದುಂಟು, ನಾನು ನಿಮ್ಮ ಸಿಲಿಂಡರ್ ನೋಡುತ್ತಿದ್ದೆ, ಗಮನಿಸಲಿಲ್ಲ ಎಂದಳು.

"ಅಲ್ಲೇ ಇತ್ತಲ್ರೀ, ನೀವು ಅದ್ನೇ ನೋಡ್ತಿದ್ರಿ," ಎಂದಳು ನನ್ನ ಹೆಂಡತಿ.

ಊರಿಗೆ ಬಂದ ಮೇಲೆ ಬಂದವರಿಗೆಲ್ಲ ಆ ಆಮೆಯ ವಿಷಯ ಹೇಳಿದಳು. ಚಿಪ್ಪಿನ ಮೇಲಿನ ಗೆರೆ, ರೆಕ್ಕೆಯಂಥ ಕಾಲು, ತಲೆ ತಿರುಗಿಸಿದ ರೀತಿ, ಎಲ್ಲ. ಕೇಳಿ ಕೇಳಿ ಈಗ ನನಗೂ ಅದು ಕಣ್ಣಿಗೆ ಕಟ್ಟಿದಂತಿದೆ. ದಿಬ್ಬದ ಅಂಚಿನಲ್ಲಿ ಏನೋ ಅಲುಗಿದ್ದನ್ನು ನೋಡಿದ್ದೆ ಎಂದು ಕೆಲವು ದಿನ ಅನಿಸುತ್ತದೆ, ಕೆಲವು ದಿನ ಇಲ್ಲ. ಮೊನ್ನೆ ಗಾವಡಗೆರೆಯ ಗೆಳೆಯ ಅಂಗಡಿಗೆ ಬಂದಿದ್ದ. ಹಿಂದಿನ ದಿನ ಅವನ ಹೆಂಡತಿಗೆ ಇವಳು ಫೋನಿನಲ್ಲಿ ಅದನ್ನೆಲ್ಲ ಮತ್ತೊಂದು ಸಲ ಹೇಳಿದ್ದಳಂತೆ.

"ನಿಜವಾ ಅದು? ನೀನೂ ನೋಡ್ದ್ಯಾ ಆಮೆನಾ?" ಎಂದು ಕೇಳಿದ.

"ಪಕ್ಕದಲ್ಲೇ ಇದ್ದೆ ಕಣ್ಲಾ," ಎಂದೆ.