ತಿರುವಿನ ಬೆಲ್ಲು

ಹೆಂಡತಿ ಅದೇ ಬೀದಿಯ ಮಗಳಾದ್ದರಿಂದ ಸೈಕಲ್ ಅಂಗಡಿಯವರು ಇಡೀ ಬೀದಿಗೇ ಭಾವ. ಒಂದು ಕೈ ಇಲ್ಲದವರಿಗೆ, ಇದ್ದೂ ಸ್ವಾಧೀನವಿಲ್ಲದವರಿಗೆ ಸೈಕಲ್ ತಿದ್ದಿಕೊಡುವುದರಲ್ಲಿ ಅವರದು ಎತ್ತಿದ ಕೈ. ಬಂದವರನ್ನು ‘ಕೈಗೇನಾಯ್ತು?’ ಎಂದು ಅಪ್ಪಿತಪ್ಪಿಯೂ ಕೇಳುವವರಲ್ಲ. ‘ದಿನಾ ಎಲ್ಲಿಗೆ ಹೋಗ್ಬೇಕು? ದಾರೀಲಿ ಏರು ಇದ್ಯಾ?’ ಇಷ್ಟೇ. ಆಮೇಲೆ ಎರಡೂ ಬ್ರೇಕನ್ನು ಒಂದೇ ಹಿಡಿಕೆಗೆ ಜೋಡಿಸಿ, ಬೆಲ್ಲನ್ನು ಹೆಬ್ಬೆರಳಿನ ಪಕ್ಕಕ್ಕೇ ಕೂರಿಸಿ, ತಮ್ಮ ಕೈಯೊಂದನ್ನು ಟವೆಲ್ಲಿನಿಂದ ಬೆನ್ನಹಿಂದೆ ಕಟ್ಟಿಸಿಕೊಂಡು ಬೀದಿಯಲ್ಲಿ ಮೂರು ಸುತ್ತು ಹೊಡೆಯುತ್ತಾರೆ. ಬೀಳದೆ ಬಂದರೆ ಅವರಿಗೇ ಅನುಮಾನ: ‘ಎಲ್ಲೋ ಏನೋ ಮರ್ತಿದೀನಿ.’ ಮೈಮೇಲಿನ ಒಂದೊಂದು ಗಾಯವೂ ಒಬ್ಬೊಬ್ಬ ಗಿರಾಕಿಯ ಗುರುತು. ಎಡಮಂಡಿಯದು ಲೈಬ್ರರಿಯವರದು, ಮೊಣಕೈಯದು ಪೋಸ್ಟ್‌ಮ್ಯಾನ್‌ದು. ‘ಈ ವಯಸ್ನಲ್ಲೂ ಮಂಡಿ ತರಚ್ಕೊಂಡು ಬರ್ತೀರಲ್ರೀ!’ ಎಂದು ಗೊಣಗುತ್ತಲೇ ಹೆಂಡತಿ ಮುಲಾಮು ಹಚ್ಚುತ್ತಾಳೆ. ಇರುವ ಒಂದು ಕೈ ಹಿಡಿಕೆಯ ಮೇಲಿರುವುದರಿಂದ ಹೊರಟವರು ಕೈಬೀಸುವಂತಿಲ್ಲ. ಅದರ ಬದಲು ತಿರುವಿನಲ್ಲಿ ಎರಡು ಸಲ ಬೆಲ್ ಹೊಡೆಯಬೇಕೆಂಬುದು ಭಾವನ ಕಟ್ಟಪ್ಪಣೆ. ಈ ಬೆಳಿಗ್ಗೆ ಟೀಚರಮ್ಮ, ಕೈ ಕಳೆದುಕೊಂಡ ಎರಡು ವರ್ಷದ ಮೇಲೆ ಮೊದಲ ಸಲ ಸೈಕಲ್ ಹತ್ತಿ, ಹಾವು ಹರಿದಂತೆ ಡೊಂಕುಡೊಂಕಾಗಿ ಹೊರಟರು. ‘ಟೀ ಆರ್ತಿದೆ, ಬನ್ನಿ, ಆ ಟವೆಲ್ ಬಿಚ್ತೀನಿ’ ಎಂದಳು ಹೆಂಡತಿ. ‘ಇರೇ, ಅವರಿನ್ನೂ ತಿರುವು ದಾಟಿಲ್ಲ’ ಎಂದು ಭಾವ ಬೆನ್ನಹಿಂದೆ ಕಟ್ಟಿದ್ದ ಕೈಯಲ್ಲೇ ಕದಲದೆ ನಿಂತರು. ಬಹಳ ಹೊತ್ತಿನ ಮೇಲೆ ದೂರದಿಂದ ಬೆಲ್ ಕೇಳಿಸಿತು, ಮತ್ತೊಂದು ಸಲವೂ ಕೇಳಿಸಿತು. ಭಾವ ಹೆಂಡತಿಗೆ ಬೆನ್ನು ತಿರುಗಿಸಿ, ‘ಹ್ಞೂಂ, ಈಗ ಬಿಚ್ಚು’ ಎಂದರು.