ಹೂಂ, ಹೇಳಿ

ಬೆಳಗಿನ ಆರು ಗಂಟೆ ಹತ್ತು ನಿಮಿಷ. ಆಸ್ಪತ್ರೆಯ ಹಿಂಬಾಗಿಲಿನ ಮೆಟ್ಟಿಲು ಹತ್ತುತ್ತಿರುವ ಈ ಹೆಂಗಸಿನ ಒಂದು ಕೈಯಲ್ಲಿ ಬೀಗದ ಕೈ ಗೊಂಚಲು, ಇನ್ನೊಂದರಲ್ಲಿ ಚಹಾದ ಫ್ಲಾಸ್ಕು, ತುಟಿಗಳ ನಡುವೆ ಒಂದು ಕೂದಲಿನ ಪಿನ್ನು. ಮಾತಾಡಬೇಕೆಂದರೂ ಆಗದು. ಆದರೆ ಇದೇ ಹೊತ್ತಿನಲ್ಲಿ ಇವರು ಎರಡು ಸಾವಿರ ಚಿಲ್ಲರೆ ಮನೆಗಳಿಗೆ ಫೋನ್ ಮಾಡಿ ಮಾತಾಡುತ್ತಿದ್ದಾರೆ.

ಮೆಟ್ಟಿಲ ಬುಡದಲ್ಲಿ ಕುರ್ಚಿ ಹಾಕಿಕೊಂಡಿರುವ ಕಾವಲುಗಾರರ ಫೋನು ಹೊಡೆದುಕೊಳ್ಳುತ್ತದೆ. ಅವರು ಅದನ್ನು ಎತ್ತಿ ತೋರಿಸುತ್ತಾರೆ. "ಅಕ್ಕಾ, ನೀವೇ!"

ಫೋನಿನೊಳಗಿಂದ ಅಕ್ಕನದೇ ದನಿ: "ನಮಸ್ಕಾರ, ಆಸ್ಪತ್ರೆಯಿಂದ ಮಾತಾಡ್ತಿದೀನಿ. ಇವತ್ತಿನ ಮಾತ್ರೆ ತಗೊಂಡ್ರಾ? ತಗೊಂಡಿದ್ರೆ ಒಂದು ಒತ್ತಿ, ಇಲ್ದಿದ್ರೆ ಎರಡು ಒತ್ತಿ. ಹೂಂ, ಹೇಳಿ." ಕಾವಲುಗಾರರು ಒಂದು ಒತ್ತುತ್ತಾರೆ. "ಒಳ್ಳೇದು. ನಾಳೆ ಮತ್ತೆ ಮಾತಾಡೋಣ," ಎನ್ನುತ್ತದೆ ಫೋನು.

ಮೆಟ್ಟಿಲ ಮೇಲಿನ ಅಕ್ಕ ಪಿನ್ನು ತೆಗೆದು ಕೇಳುತ್ತಾರೆ. "ಸಕ್ಕರೆ ಮಾತ್ರೆ ತಗೊಂಡ್ರಾ?"

"ಇನ್ನೂ ಇಲ್ಲ. ಟೀ ಬರ್ಲಿ ಅಂತ."

"ಮತ್ತೆ ಒಂದು ಒತ್ತಿದ್ರಿ?"

"ಬೆಳಬೆಳಗ್ಗೆ ನಿಮ್ಗೆ ಯಾಕೆ ಬೇಜಾರು ಮಾಡೋದು ಅಂತ."

ಅಕ್ಕ ಹಣೆ ಚಚ್ಚಿಕೊಂಡು ಒಳಗೆ ಹೋಗುತ್ತಾರೆ. ಹಿಂದೆಯೇ ಹೋಗುವ ನನಗೆ ಅಲ್ಲಿಂದಲೇ ತಲೆ ಕೆಡಲು ಶುರು. ನಾನು ಯಾರ ಬಗ್ಗೆ ಬರೆಯಲು ಬಂದಿದ್ದೇನೆ? ಮೆಟ್ಟಿಲ ಮೇಲಿರುವ ಅಕ್ಕನ ಬಗ್ಗೆಯೋ, ಫೋನಿನೊಳಗಿರುವ ಅಕ್ಕನ ಬಗ್ಗೆಯೋ?

ಹತ್ತೊಂಬತ್ತು ವರ್ಷದಿಂದ ಇವರು ಈ ಆಸ್ಪತ್ರೆಯ ಮೂರನೇ ಕಿಟಕಿಯಲ್ಲಿ ಮಾತ್ರೆ ಕೊಡುತ್ತಿದ್ದಾರೆ. ಮೊದಲು ಎಲ್ಲರ ಬಾಯಲ್ಲೂ 'ಮಾತ್ರೆ ಅಕ್ಕ'. ಹದಿನಾಲ್ಕು ತಿಂಗಳಿಂದ 'ಫೋನಕ್ಕ'. ಕ್ಷಯ, ಸಕ್ಕರೆ ಕಾಯಿಲೆ, ರಕ್ತದೊತ್ತಡ ಇರುವವರು ದಿನವೂ ಮಾತ್ರೆ ನುಂಗಿದರೋ ಇಲ್ಲವೋ ಎಂದು ಕಂಪ್ಯೂಟರಿನಿಂದಲೇ ಫೋನ್ ಮಾಡಿಸಿ ಕೇಳುವ ಯೋಜನೆ ಬಂದಾಗ, ಜನಕ್ಕೆ ಗೊತ್ತಿರುವ ದನಿಯೇ ಇರಲಿ ಎಂದು ಇವರನ್ನು ಹಿಡಿದು ಕೂರಿಸಿದರು. ಗೋಡೆ ದಪ್ಪ, ಸದ್ದು ಬರುವುದಿಲ್ಲ ಎಂದು ಎಕ್ಸ್‌ರೇ ಕೋಣೆಯಲ್ಲಿ ಧ್ವನಿಮುದ್ರಣ. ಅರ್ಧ ಗಂಟೆಯ ಕೆಲಸ.

"ಎದುರಿಗೆ ರೋಗಿ ಇದಾರೆ ಅಂದ್ಕೊಂಡು ಮಾತಾಡಿ ಅಂದ್ರು. ನಾನು ಅಂದ್ಕೊಂಡೆ. ಅಂದ್ಕೊಂಡ ಮೇಲೆ ಬಾಯಿ ಸುಮ್ನಿರುತ್ತಾ? ಪ್ರಶ್ನೆ ಕೇಳಿ 'ಹೂಂ, ಹೇಳಿ' ಅಂದ್ಬಿಟ್ಟೆ. ಕಿಟಕೀಲಿ ದಿನಕ್ಕೆ ಇನ್ನೂರು ಸಲ ಅನ್ನೋ ಮಾತು ಅದು. ಬರೆದುಕೊಟ್ಟಿದ್ರಲ್ಲಿ ಇರ್ಲೇ ಇಲ್ಲ." ಕತ್ತರಿಸಲೇ ಎಂದು ಯಂತ್ರದವರು ಕೇಳಿದರಂತೆ. ಬೇಡ, ಆತ್ಮೀಯವಾಗಿದೆ, ಇರಲಿ ಎಂದರಂತೆ ಯೋಜನೆಯ ಅಧಿಕಾರಿ. ಹಾಗೆ ಆ ಎರಡು ಮಾತು ಉಳಿದುಕೊಂಡಿತು. ಅದರ ನಂತರ ಐದು ಸೆಕೆಂಡಿನ ಮೌನ, ಗುಂಡಿ ಒತ್ತುವುದಕ್ಕೆ.

ಹೇಳಿ ಎಂದರೆ ನಮ್ಮ ಜನ ಹೇಳದೆ ಬಿಡುತ್ತಾರೆಯೇ? ಆ ಐದು ಸೆಕೆಂಡಿನಲ್ಲಿ ಒಬ್ಬರು ಮಂಡಿ ನೋವು ಹೇಳುತ್ತಾರೆ. ಇನ್ನೊಬ್ಬರು ಸೊಸೆಯ ದೂರು ಹೇಳುತ್ತಾರೆ. ಮತ್ತೊಬ್ಬರು ಹೊಸ ಮನೆಯ ವಿಳಾಸವನ್ನೇ ಕೊಟ್ಟು, ಮಾತ್ರೆ ಅಲ್ಲಿಗೇ ಕಳಿಸಿ ಎಂದು ಹೇಳಿ, ಎರಡು ವಾರ ಕಾದು, ಕೊನೆಗೆ ಜಗಳಕ್ಕೆ ಬಂದರು. "ನಿಮ್ಗೇ ಹೇಳಿದ್ನಲ್ಲಮ್ಮ! ಒಳ್ಳೇದು ಅಂತ ಬೇರೆ ಅಂದ್ರಿ!" ಅಂದದ್ದು ನಾನಲ್ಲ ಎಂದರೆ ನಂಬುವವರು ಯಾರು? ದನಿ ಇವರದೇ.

ಮನೆಯಲ್ಲೂ ನೆಮ್ಮದಿಯಿಲ್ಲ. ಎರಡು ಕೋಣೆಯ ಮನೆ. ಇರುವುದು ಇವರು, ಇವರ ಅತ್ತೆ. ಅತ್ತೆಗೆ ರಕ್ತದೊತ್ತಡ, ಹಾಗಾಗಿ ಅವರಿಗೂ ಫೋನು ಬರುತ್ತದೆ. ನಾನು ಹೋದಾಗ ಅತ್ತೆ ನನ್ನನ್ನು ಹತ್ತಿರ ಕರೆದು, ಸೊಸೆಗೆ ಕೇಳಿಸುವಷ್ಟು ಗಟ್ಟಿಯಾಗಿ ಗುಟ್ಟು ಹೇಳುತ್ತಾರೆ. "ಇಬ್ಬರು ಸೊಸೆಯಂದಿರಪ್ಪ ನನಗೆ. ಫೋನಿನ ಸೊಸೆ ಬಹಳ ಒಳ್ಳೆಯವಳು. ಏನು ಹೇಳಿದ್ರೂ ಒಳ್ಳೇದು ಅಂತಾಳೆ."

ಗೋಡೆಯ ಮೇಲೆ ಒಂದು ಫೋಟೋ ಇದೆ. ಅತ್ತೆಯ ಮಗ, ಅಕ್ಕನ ಗಂಡ. ಹನ್ನೊಂದು ವರ್ಷದ ಹಿಂದೆ ಕ್ಷಯದಿಂದ ಹೋದವರು. "ಆರು ತಿಂಗಳು ನುಂಗಬೇಕು. ನಾಲ್ಕನೇ ತಿಂಗಳಿಗೆ ಕೆಮ್ಮು ನಿಂತಿತು, ಅವರೂ ನಿಲ್ಲಿಸಿದ್ರು. ಯಾರೂ ಕೇಳ್ಲಿಲ್ಲ. ಊರಿಗೆಲ್ಲ ಮಾತ್ರೆ ಎಣಿಸಿ ಕೊಡೋಳು ನಾನು, ಮನೇಲಿ ತಗೊಂಡ್ರಾ ಅಂತ ನಾನೂ ಕೇಳ್ಲಿಲ್ಲ," ಎನ್ನುತ್ತಾರೆ ಅಕ್ಕ. ಫೋನಿನ ಯೋಜನೆಗೆ ದನಿ ಕೊಡಿ ಎಂದಾಗ ಯಾಕೆ ಒಪ್ಪಿದಿರಿ ಎಂದು ನಾನು ಆಮೇಲೆ ಕೇಳಲು ಹೋಗಲಿಲ್ಲ.

ಏಳು ಗಂಟೆಗೆ ಫೋನುಗಳೆಲ್ಲ ಮುಗಿದು ಕಂಪ್ಯೂಟರ್ ಪಟ್ಟಿ ಕೊಡುತ್ತದೆ. ಇವತ್ತು ಹೋದ ಕರೆ ಎರಡು ಸಾವಿರದ ನೂರ ನಲವತ್ತು. ಒಂದು ಒತ್ತಿದವರು ಸಾವಿರದ ಏಳುನೂರ ತೊಂಬತ್ತು. ಎರಡು ಒತ್ತಿದವರು ತೊಂಬತ್ತಾರು. ಏನೂ ಒತ್ತದವರು ಇನ್ನೂರ ಐವತ್ತನಾಲ್ಕು. ಒಂಬತ್ತಕ್ಕೆ ಕಿಟಕಿ ತೆರೆಯುವ ತನಕ ಈ ಕೊನೆಯವರಿಗೆ ಅಕ್ಕ ತಮ್ಮದೇ ಫೋನಿನಿಂದ ಒಬ್ಬೊಬ್ಬರಿಗೇ ಮಾತಾಡುತ್ತಾರೆ. ಯಾರೂ ಹೇಳದ ಕೆಲಸ, ಯಾವ ಕಾಗದದಲ್ಲೂ ಇಲ್ಲದ ಕೆಲಸ. ಎರಡು ಗಂಟೆಯಲ್ಲಿ ಐವತ್ತು ಜನ ಸಿಕ್ಕರೆ ಹೆಚ್ಚು.

ಅದೂ ಸುಲಭವಲ್ಲ. "ಈಗ ತಾನೇ ಮಾಡಿದ್ರಲ್ಲ?" ಎನ್ನುತ್ತದೆ ಆ ಕಡೆಯ ದನಿ.

"ಅದು ನಾನಲ್ಲ. ನಾನೇ, ಆದ್ರೆ ನಾನಲ್ಲ. ಇದು ನಾನು."

"ಹಾಗಾದ್ರೆ ಅದು ಯಾರು?"

ಅಕ್ಕ ನನ್ನ ಮುಖ ನೋಡುತ್ತಾರೆ. ನಾನು ಕಿಟಕಿಯ ಆಚೆ ನೋಡುತ್ತೇನೆ.

ಆದರೆ ಇವರ ನಿದ್ದೆ ಕೆಡಿಸಿರುವುದು ಈ ಇನ್ನೂರ ಐವತ್ತನಾಲ್ಕು ಜನ ಅಲ್ಲ. "ಒಂದು ಒತ್ತೋರನ್ನ ನೆನೆಸ್ಕೊಂಡ್ರೆ ನನಗೆ ಹೆದರಿಕೆ," ಎನ್ನುತ್ತಾರೆ. ಕಾರಣ, ನಾಲ್ಕು ತಿಂಗಳ ಹಿಂದಿನ ಒಂದು ವಾರ.

ಬಸ್ ನಿಲ್ದಾಣದ ಹಿಂದಿನ ಸಂದಿಯಲ್ಲಿ ರವಿಕೆ ಹೊಲಿಯುವ ಟೇಲರಮ್ಮ ಒಬ್ಬರಿದ್ದಾರೆ. ಕ್ಷಯಕ್ಕೆ ಮಾತ್ರೆ ನುಂಗುತ್ತಿದ್ದರು, ಒಂದು ದಿನವೂ ತಪ್ಪಿಸಿದವರಲ್ಲ. ಸೋಮವಾರ ಫೋನಿಗೆ ಒಂದು ಒತ್ತಿ, ವಾಂತಿ ಆಗ್ತಿದೆ ಅಕ್ಕ ಎಂದರು. ಒಳ್ಳೇದು, ನಾಳೆ ಮಾತಾಡೋಣ ಎಂದಿತು ಫೋನು. ಮಂಗಳವಾರ, ಊಟ ಸೇರ್ತಿಲ್ಲ ಎಂದರು. ಒಳ್ಳೇದು. ಬುಧವಾರ, ಕಣ್ಣು ಹಳದಿಯಾಗಿದೆ ಎಂದರು. ಒಳ್ಳೇದು. ಗುರುವಾರ, ಮಾತ್ರೆ ನಿಲ್ಲಿಸ್ಲಾ ಎಂದು ಕೇಳಿದರು. ಒಳ್ಳೇದು, ನಾಳೆ ಮಾತಾಡೋಣ. ನಾಳೆ ಮಾತಾಡೋಣ ಎಂದ ಮೇಲೆ ನಾಳೆಯವರೆಗೆ ನುಂಗುವುದೇ ಸರಿ ಎಂದುಕೊಂಡು ಅವತ್ತಿನದನ್ನೂ ನುಂಗಿದರು. ಶುಕ್ರವಾರ ನಾದಿನಿ ಆಟೋದಲ್ಲಿ ಹಾಕಿಕೊಂಡು ಬಂದಾಗ ಟೇಲರಮ್ಮನಿಗೆ ತಾನೆಲ್ಲಿದ್ದೇನೆ ಎಂಬ ಅರಿವಿರಲಿಲ್ಲ. ಅಪರೂಪಕ್ಕೆ ಕೆಲವರಿಗೆ ಈ ಮಾತ್ರೆಗಳು ಯಕೃತ್ತಿಗೆ ಆಗಿಬರುವುದಿಲ್ಲ. ಕೂಡಲೇ ನಿಲ್ಲಿಸಬೇಕು.

ನಾದಿನಿ ಮೂರನೇ ಕಿಟಕಿಗೇ ಬಂದು ಬಾಯಿಗೆ ಬಂದಂತೆ ಬೈದರು. "ನಾಲ್ಕು ದಿನದಿಂದ ಹೇಳ್ತಿದಾಳೆ, ಕಿವಿ ಇಲ್ವಾ ನಿನಗೆ?" ಅದನ್ನು ನೆನೆದು ಅಕ್ಕ ಎನ್ನುತ್ತಾರೆ: "ಏನು ಹೇಳ್ಲಿ? ಇರ್ಲಿಲ್ಲ ನೋಡಿ. ನಿಜವಾಗ್ಲೂ ಕಿವಿ ಇರ್ಲಿಲ್ಲ."

ಹನ್ನೊಂದು ದಿನ ವಾರ್ಡಿನಲ್ಲಿದ್ದು ಟೇಲರಮ್ಮ ಬದುಕಿಕೊಂಡರು. ನಾನು ಅವರ ಅಂಗಡಿಗೂ ಹೋಗುತ್ತೇನೆ. ಯಂತ್ರದ ಪೆಡಲಿನ ಮೇಲಿಂದ ಕಾಲು ತೆಗೆಯದೆಯೇ ಮಾತಾಡುತ್ತಾರೆ. ಅಕ್ಕನ ಮೇಲೆ ಕೋಪವಿಲ್ಲ. ಈಗಲೂ ಬೆಳಿಗ್ಗೆ ಫೋನು ಬರುತ್ತದೆ, ಈಗಲೂ ಹೇಳುತ್ತಾರೆ. ಅದು ಯಂತ್ರ ಎಂದು ಗೊತ್ತಾದ ಮೇಲೂ? "ಗೊತ್ತು. ಆದ್ರೆ ಅಷ್ಟು ಪ್ರೀತಿಯಿಂದ ಹೇಳಿ ಅಂದಾಗ ಸುಮ್ನಿರೋಕಾಗುತ್ತಾ? ಮನೇಲಿ ಯಾರು ಹಾಗಂತಾರೆ?" ನಾನು ಅಂಗಿಗೆ ಒಂದು ಗುಂಡಿ ಹಾಕಿಸಿಕೊಂಡು ಬರುತ್ತೇನೆ.

ತಪ್ಪು ಯಾರದು ಎಂದು ಹುಡುಕಿಕೊಂಡು ಯೋಜನೆಯ ಅಧಿಕಾರಿಯ ಕೋಣೆಗೆ ಹೋದವನು ಇನ್ನಷ್ಟು ಗೊಂದಲ ಹೊತ್ತು ಹೊರಗೆ ಬರುತ್ತೇನೆ. ಕೆಟ್ಟ ಮನುಷ್ಯ ಸಿಕ್ಕಿದ್ದರೆ ಬರೆಯುವುದು ಸುಲಭವಿತ್ತು. ಇವರು ಒಳ್ಳೆಯವರು. ಗೋಡೆಯ ಮೇಲಿನ ನಕ್ಷೆ ತೋರಿಸುತ್ತಾರೆ: ಮೊದಲು ನೂರಕ್ಕೆ ಐವತ್ತೆಂಟು ಜನ ಮಾತ್ರೆ ಪೂರ್ತಿ ಮುಗಿಸುತ್ತಿದ್ದರು, ಈಗ ಎಂಬತ್ತಮೂರು. ತಿಂಗಳ ಕೊನೆಗೆ ಮಾತ್ರೆಯ ಖಾಲಿ ಪಟ್ಟಿಗಳನ್ನು ಎಣಿಸಿ ತೆಗೆದ ಲೆಕ್ಕ, ಬರೀ ಗುಂಡಿಯದಲ್ಲ. "ಬೇರೆ ದನಿ ಹಾಕಿ ನೋಡಿದ್ವಿ. ಒಂದೇ ವಾರಕ್ಕೆ ಗುಂಡಿ ಒತ್ತೋರು ಅರ್ಧಕ್ಕಿಳಿದ್ರು. 'ಹೂಂ, ಹೇಳಿ' ಮಾತ್ರ ತೆಗೆದು ನೋಡಿದ್ವಿ. ನಿಮಗೆ ಕೋಪಾನಾ ಅಂತ ಜನ ಅಕ್ಕನ ಕಿಟಕಿಗೆ ಸಾಲುಗಟ್ಟಿದ್ರು." ಹಾಗಾದರೆ ಜನ ಹೇಳಿದ್ದನ್ನೂ ಮುದ್ರಿಸಿಕೊಳ್ಳಬಹುದಲ್ಲ ಎಂದೆ. "ಎರಡು ಸಾವಿರ ಜನರ ಗುಟ್ಟು ಮುದ್ರಿಸ್ಕೊಳ್ಳೋಕೆ ನಮಗೆ ಅನುಮತಿ ಇಲ್ಲ ಸಾರ್. ಇದ್ರೂ ದಿನಾ ಕೂತು ಕೇಳೋರು ಯಾರು?"

ಆ ಎಂಬತ್ತಮೂರರಲ್ಲಿ ಎಷ್ಟು ಜನ ಅಕ್ಕನ ಗಂಡನಂಥವರು, ಈ ಸಲ ಉಳಿದುಕೊಂಡವರು? ನನಗೆ ಗೊತ್ತಿಲ್ಲ. ಅವರೊಳಗೆ ಇನ್ನೊಬ್ಬ ಟೇಲರಮ್ಮ ಇವತ್ತು ಬೆಳಿಗ್ಗೆ ಏನು ಹೇಳಿದರು? ಅದೂ ಯಾರಿಗೂ ಗೊತ್ತಿಲ್ಲ. ಅಕ್ಕನಿಗೆ ತಾವು ಪುಣ್ಯ ಕಟ್ಟಿಕೊಳ್ಳುತ್ತಿದ್ದೇವೋ ಪಾಪವೋ ಎಂಬುದೇ ಬಗೆಹರಿದಿಲ್ಲ. ಬಗೆಹರಿಸಿ ಹೇಳುವಷ್ಟು ಬುದ್ಧಿ ನನಗೂ ಇಲ್ಲ.

ಅಕ್ಕ ಕೇಳಿದ್ದು ಒಂದೇ: ಕೊನೆಯಲ್ಲಿ ಒಂದು ಮಾತು ಸೇರಿಸಿ. ಮೂರು ತಿಂಗಳು ಬೆನ್ನು ಹತ್ತಿದ ಮೇಲೆ ಅಧಿಕಾರಿ ಒಪ್ಪಿದ್ದಾರೆ. ನಾಲ್ಕು ಸೆಕೆಂಡು, ಅದಕ್ಕಿಂತ ಉದ್ದವಾದರೆ ಜನ ಫೋನ್ ಇಟ್ಟುಬಿಡುತ್ತಾರೆ. ಮಾತ್ರೆಯ ಖಾಲಿ ಪೆಟ್ಟಿಗೆಗಳ ಹಿಂಬದಿಯಲ್ಲಿ ಅಕ್ಕ ಬರೆದು ಹೊಡೆದುಹಾಕಿದ ವಾಕ್ಯಗಳು ಹನ್ನೆರಡೋ ಹದಿಮೂರೋ ಇವೆ. 'ಇದು ಗಣಕಯಂತ್ರದ ಮೂಲಕ' ಎಂದು ಶುರುವಾಗುವ ಒಂದನ್ನು ಓದಿ ತಾವೇ ನಗುತ್ತಾರೆ. "ಇದು ಅರ್ಥ ಆಗೋಷ್ಟರಲ್ಲಿ ಕಾಯಿಲೆ ವಾಸಿಯಾಗಿರುತ್ತೆ." ಅತ್ತೆಯ ಮುಂದೆ ಎಲ್ಲವನ್ನೂ ಓದಿ ಪರೀಕ್ಷೆ ಮಾಡಿದ್ದಾರೆ. ಅತ್ತೆ ಪಾಸು ಮಾಡಿದ್ದು ಕೊನೆಯದನ್ನು ಮಾತ್ರ. ಮತ್ತೆ ಎಕ್ಸ್‌ರೇ ಕೋಣೆ, ಮತ್ತೆ ಯಂತ್ರ. ನಾಲ್ಕು ಸೆಕೆಂಡಿಗೆ ಸರಿಯಾಗಿ ಕೂತಿದೆ.

ಎಂಟು ದಿನ ಬಿಟ್ಟು ನಾನು ಮತ್ತೆ ಹೋಗುವ ದಿನವೇ ಅದು ಮೊದಲ ಸಲ ಮನೆಮನೆಗೆ ಹೋಗುತ್ತದೆ. ಕಾವಲುಗಾರರ ಫೋನಿನಲ್ಲಿ ನಾನೂ ಕಿವಿಯಿಟ್ಟು ಕೇಳುತ್ತೇನೆ. ಒಳ್ಳೇದು, ನಾಳೆ ಮತ್ತೆ ಮಾತಾಡೋಣ ಎಂದ ಮೇಲೆ ಅಕ್ಕನ ದನಿ ಒಂದು ಉಸಿರು ತಗೊಂಡು ಹೇಳುತ್ತದೆ: "ಇದು ಬರೀ ದನಿ. ಕಿವಿ ಮೂರನೇ ಕಿಟಕೀಲಿದೆ. ಬನ್ನಿ."

ಒಂಬತ್ತಕ್ಕೆ ಕಿಟಕಿ ತೆರೆದಾಗ ಎದುರಿಗೆ ಆರು ಜನ. ಇಬ್ಬರು ಆ ಕಿವಿ ಹೇಗಿದೆ ಎಂದು ನೋಡಲು ಬಂದವರು. ಮತ್ತೊಬ್ಬರಿಗೆ ಇದು ಕಿವಿಯ ಡಾಕ್ಟರ ಕಿಟಕಿ ಎಂಬ ತಿಳಿವಳಿಕೆ. ಇನ್ನಿಬ್ಬರು ಮಾಮೂಲಿ ಮಾತ್ರೆಗೆ ಬಂದವರು. ಅಕ್ಕ ಒಬ್ಬೊಬ್ಬರನ್ನೇ ಕಳಿಸುತ್ತಾರೆ. ಅವರ ಮುಖ ಸಪ್ಪಗಾಗುತ್ತಿರುವುದು ನನಗೆ ಕಾಣುತ್ತದೆ.

ಆರನೆಯವರು ಒಬ್ಬ ಬಡಗಿ. ಕೂದಲಲ್ಲಿ ಮರದ ಪುಡಿ, ಜೇಬಿನಲ್ಲಿ ಮೋಟು ಪೆನ್ಸಿಲು. ಸಾಲು ಕರಗಿದರೂ ಮುಂದೆ ಬರುವುದಿಲ್ಲ, ಹೋಗುವುದೂ ಇಲ್ಲ. ಅಕ್ಕ ಪಟ್ಟಿ ನೋಡುತ್ತಾರೆ. ಕ್ಷಯ, ನಾಲ್ಕನೇ ತಿಂಗಳು. ಒಂದು ದಿನವೂ ಬಿಡದೆ ಒಂದು ಒತ್ತಿದವರು.

"ಹೂಂ, ಹೇಳಿ," ಎನ್ನುತ್ತಾರೆ ಅಕ್ಕ.

ಬಡಗಿ ಬಾಯಿ ತೆರೆದು ಮುಚ್ಚುತ್ತಾರೆ. ನನ್ನನ್ನು ನೋಡುತ್ತಾರೆ, ನೆಲ ನೋಡುತ್ತಾರೆ. "ಎದುರಿಗೆ ಮಾತು ಬರ್ತಿಲ್ಲ ಅಕ್ಕ. ಫೋನಲ್ಲಾದ್ರೆ ದಿನಾ ಹೇಳ್ತೀನಿ."

ಇಷ್ಟು ದಿನ ಕಿವಿಯಿಲ್ಲದೆ ಆದ ಎಡವಟ್ಟು. ಈಗ ಕಿವಿಯಿದೆ, ಮಾತಿಲ್ಲ. ಬಡಗಿ ತಿರುಗಿ ಬಾಗಿಲ ಕಡೆ ನಡೆಯುತ್ತಾರೆ. ನಾಲ್ಕು ಹೆಜ್ಜೆ ಹೋಗಿರಬೇಕು, ಅಷ್ಟರಲ್ಲಿ ಅಕ್ಕ ಪಟ್ಟಿಯಲ್ಲಿ ನಂಬರು ಹುಡುಕಿ ಒತ್ತಿಬಿಡುತ್ತಾರೆ. ಬಡಗಿಯ ಜೇಬಿನಲ್ಲಿ ಫೋನು ಹೊಡೆದುಕೊಳ್ಳುತ್ತದೆ. ಅವರು ಅಲ್ಲೇ ಕಂಬದ ಹತ್ತಿರ, ಕಿಟಕಿಗೆ ಬೆನ್ನು ಹಾಕಿ ನಿಂತು ಅದನ್ನು ಕಿವಿಗೆ ಹಿಡಿಯುತ್ತಾರೆ.

ಅಕ್ಕ ಕಿಟಕಿಯ ಅರ್ಧ ಬಾಗಿಲು ಎಳೆದುಕೊಳ್ಳುತ್ತಾರೆ. ನನಗೆ ಆಚೆ ಹೋಗಿ ಎಂದು ಕೈಸನ್ನೆ ಮಾಡುತ್ತಾರೆ. ನಾನು ಹೊರಡುತ್ತೇನೆ, ಕೇಳಿಸಿಕೊಳ್ಳಬೇಕಾದ ಕಿವಿ ನನ್ನದಲ್ಲ. ಆದರೂ ಅವರ ಮೊದಲ ಮಾತು ಕೇಳಿಸಿಯೇ ಬಿಡುತ್ತದೆ.

"ಈ ಸಲ ನಾನೇ. ಹೂಂ, ಹೇಳಿ."